ಸಿಲಿಂಡರಿಗೆ ನಟ್ ಬಿದ್ದಿದೆ: ಗಾಳಿ ಹೊಡೆದರೆ ಸಾಕೋ, ಇಡೀ ಇಂಜಿನ್ ಬಿಚ್ಚಬೇಕೋ?

ಪ್ರಶ್ನೆ: ನಾವು ಮಲ್ಪೆಯವರು. ತಂದೆಯವರ ಹೆಸರಿನಲ್ಲಿ ಒಂದು ಟ್ರಾಲ್ ಬೋಟ್ ಉಂಟು. ಆರು ಸಿಲಿಂಡರಿನ ಟರ್ಬೊ ಡೀಸೆಲ್ ಇಂಜಿನ್. ಮೀನುಗಾರಿಕೆ ರಜೆಯಲ್ಲಿ ಟರ್ಬೊ ಮತ್ತು ಸಿಲಿಂಡರುಗಳಿಗೆ ಗಾಳಿ ಹೋಗುವ ಇನ್‌ಲೆಟ್ ಮ್ಯಾನಿಫೋಲ್ಡ್ ಬಿಚ್ಚಿ ಕ್ಲೀನ್ ಮಾಡಿಸಿದೆವು. ಪುನಃ ಕೂರಿಸಿ ಸ್ಟಾರ್ಟ್ ಮಾಡಿದಾಗ ನಾಲ್ಕನೇ ಸಿಲಿಂಡರಿನ ಕಡೆಯಿಂದ ಸುತ್ತಿಗೆಯಲ್ಲಿ ಬಡಿದ ಹಾಗೆ ಶಬ್ದ ಬಂತು. ಅರ್ಧ ನಿಮಿಷದೊಳಗೆ ಬಂದ್ ಮಾಡಿದೆವು. ಆಮೇಲೆ ಲೆಕ್ಕ ನೋಡಿದರೆ 8 ಮಿ.ಮೀ. ನಟ್ ಒಂದು, ಅದರ ಸ್ಪ್ರಿಂಗ್ ವಾಷರ್ ಒಂದು ಕಾಣೆ. ಒಬ್ಬ ಮೆಕ್ಯಾನಿಕ್ ಡೀಸೆಲ್ ಸ್ಪ್ರೇ ಮಾಡುವ ನೋಝಲ್ ಬಿಚ್ಚಿ ಮ್ಯಾಗ್ನೆಟ್ ಹಾಕಿ, ಗಾಳಿ ಹೊಡೆದರೆ ಸಾಕು ಎನ್ನುತ್ತಾರೆ. ಇನ್ನೊಬ್ಬರು ಇಂಜಿನ್ ಮೇಲೆತ್ತಿ ಆರೂ ಲೈನರ್ (ಪಿಸ್ಟನ್ ಓಡಾಡುವ ಲೋಹದ ಕೊಳವೆ), ಪಿಸ್ಟನ್ ಹೊಸತು ಹಾಕದೆ ಗತಿ ಇಲ್ಲ ಎನ್ನುತ್ತಾರೆ. ಯಾರ ಮಾತು ಕೇಳುವುದು? ಇಂಜಿನ್ ಬೋಟಿನಲ್ಲೇ ಇಟ್ಟು ರಿಪೇರಿ ಆಗುತ್ತದಾ? ಆಗಸ್ಟ್ 1ಕ್ಕೆ ಕಡಲಿಗೆ ಇಳಿಯಬಹುದಾ?

ಉತ್ತರ: ಬೇರೆಲ್ಲ ಆಮೇಲೆ. ಮೊದಲು ಬ್ಯಾಟರಿಯ ಒಂದು ವಯರ್ ಬಿಚ್ಚಿ ಬದಿಗಿಡಿ. ಸ್ಟಾರ್ಟರಿನಲ್ಲಿ ಬಿಡಿ, ಫ್ಲೈವೀಲಿಗೆ ಸಬ್ಬಲ್ ಕೊಟ್ಟು ಕೈಯಲ್ಲಿ ಕೂಡ ಇಂಜಿನ್ ತಿರುಗಿಸಬಾರದು. ರಜೆಯಲ್ಲಿ ಬೋಟು ಕಟ್ಟುವ ದಕ್ಕೆಯ ತುಂಬ ಜನ ಇರುತ್ತಾರೆ. ಬೋಟಿಗೆ ಹತ್ತಿದವರೆಲ್ಲ "ಒಮ್ಮೆ ಸ್ಟಾರ್ಟ್ ಮಾಡಿ ಮಾರಾಯ್ರೆ, ಶಬ್ದ ಹೇಗೆ ಬರ್ತದೆ ನೋಡುವ" ಅಂತಲೇ ಹೇಳುವುದು. ಶಬ್ದ ಒಮ್ಮೆ ಕೇಳಿ ಆಗಿದೆ, ಇನ್ನು ಅದರಿಂದ ತಿಳಿಯಲಿಕ್ಕೆ ಏನೂ ಬಾಕಿ ಇಲ್ಲ.

ಒಳಗೆ ಬಿದ್ದ ನಟ್ ಬಿದ್ದಲ್ಲೇ ಇದ್ದರೆ ಯಾವ ಹಾನಿಯೂ ಇಲ್ಲ, ಹಾನಿ ಆಗುವುದು ತಿರುಗಿಸಿದಾಗ. ಡೀಸೆಲ್ ಇಂಜಿನಿನಲ್ಲಿ ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಅದರ ತಲೆಗೂ ಸಿಲಿಂಡರಿನ ಮುಚ್ಚಳವಾದ ಹೆಡ್ಡಿಗೂ ನಡುವೆ ಉಳಿಯುವ ಜಾಗ ಹೆಚ್ಚುಕಡಿಮೆ 1 ಮಿ.ಮೀ. 8 ಮಿ.ಮೀ. ನಟ್ಟಿನ ದಪ್ಪವೇ ಆರೂವರೆ ಮಿ.ಮೀ., ಸ್ಪ್ರಿಂಗ್ ವಾಷರ್ 2 ಮಿ.ಮೀ. ಐಡಲಿನಲ್ಲಿ ನಿಮಿಷಕ್ಕೆ 600 ಸುತ್ತು ಎಂದು ಇಟ್ಟುಕೊಂಡರೆ ಪಿಸ್ಟನ್ ಸೆಕೆಂಡಿಗೆ 10 ಸಲ ಮೇಲೆ ಬರುತ್ತದೆ. ನಿಮ್ಮ ಅರ್ಧ ನಿಮಿಷದಲ್ಲಿ 300 ಪೆಟ್ಟು. ಹಾಗಿದ್ದೂ ಇಂಜಿನ್ ಜಾಮ್ ಆಗದೆ ತಿರುಗಿತು ಎಂದರೆ ನಟ್ ಹೆಚ್ಚಿನ ಹೊತ್ತು ಪಿಸ್ಟನ್ ತಲೆಯ ಗುಂಡಿಯೊಳಗೆ, ಡೀಸೆಲ್ ಸ್ಪ್ರೇ ಆಗುವ ಆ ಬಟ್ಟಲಿನೊಳಗೆ ಕುಣಿಯುತ್ತಿತ್ತು ಎಂದು ನನ್ನ ಅಂದಾಜು. ಅದು ನಿಮ್ಮ ಅದೃಷ್ಟ. ಆದರೆ ವಾಷರಿನ ಬಗ್ಗೆ ಅಷ್ಟು ಧೈರ್ಯ ಹೇಳಲಾರೆ. ನಟ್ ಮೆತ್ತಗಿನ ಉಕ್ಕು, ಪೆಟ್ಟು ತಿಂದು ಚಪ್ಪಟೆಯಾಗುತ್ತದೆ. ಸ್ಪ್ರಿಂಗ್ ವಾಷರ್ ಹದ ಕೊಟ್ಟ ಗಡಸು ಉಕ್ಕು. ಅದು ಬಗ್ಗುವುದಿಲ್ಲ, ಚೂರಾಗುತ್ತದೆ. ನೀವು ಹುಡುಕಬೇಕಾದ್ದು ಎರಡು ವಸ್ತು ಅಲ್ಲ, ಒಂದು ನಟ್ ಮತ್ತು ಎಷ್ಟೋ ಚೂರು.

ಈಗ ನಿಮ್ಮ ಮೊದಲನೇ ಮೆಕ್ಯಾನಿಕ್ ಹೇಳಿದ ಉಪಾಯ ನೋಡುವ. 8 ಮಿ.ಮೀ. ನಟ್ಟಿಗೆ ಹಾಕುವುದು 13 ನಂಬರ್ ಸ್ಪ್ಯಾನರ್, ಅಂದರೆ ನಟ್ಟಿನ ಅಗಲ 13 ಮಿ.ಮೀ. ನೋಝಲಿನ ತುದಿ ಹೆಡ್ಡಿನ ಒಳಗೆ ಇಣುಕುವ ತೂತು ಇಂಥ ಇಂಜಿನುಗಳಲ್ಲಿ ಸಾಮಾನ್ಯವಾಗಿ 7ರಿಂದ 9 ಮಿ.ಮೀ. ಎಂಥ ಮ್ಯಾಗ್ನೆಟ್ ಹಾಕಿದರೂ ನಟ್ ಆ ದಾರಿಯಲ್ಲಿ ಮೇಲೆ ಬರಲಾರದು. ಒಳಗೆ ಹೋದದ್ದು ಇನ್‌ಲೆಟ್ ವಾಲ್ವ್ ತೆರೆದಾಗ, ಓರೆಯಾಗಿ ನುಸುಳಿ. ವಾಪಸು ಅದೇ ದಾರಿಯಲ್ಲಿ ಎಳೆದು ತೆಗೆಯಲಿಕ್ಕೆ ಆಗುವುದಿಲ್ಲ.

ಗಾಳಿ ಹೊಡೆಯುವುದಂತೂ ಬೇಡವೇ ಬೇಡ. ಕಂಪ್ರೆಸರಿನ ಗಾಳಿ ಚೂರುಗಳನ್ನು ಎಲ್ಲಿಗೆ ಕಳಿಸುತ್ತದೆ? ಎಕ್ಸಾಸ್ಟ್ ವಾಲ್ವ್ ತೆರೆದಿದ್ದರೆ ಮ್ಯಾನಿಫೋಲ್ಡಿಗೆ, ಅಲ್ಲಿಂದ ಟರ್ಬೊದ ಟರ್ಬೈನ್ ಚಕ್ರಕ್ಕೆ. ಲೋಡಿನಲ್ಲಿ ಆ ಚಕ್ರ ನಿಮಿಷಕ್ಕೆ ಲಕ್ಷ ಸುತ್ತಿನ ಹತ್ತಿರ ತಿರುಗುವಂಥದ್ದು. ಅದರ ಎಸಳಿಗೆ ಅಕ್ಕಿಕಾಳಿನಷ್ಟು ಉಕ್ಕು ತಾಗಿದರೂ ಸಾಕು. ಎಕ್ಸಾಸ್ಟ್ ವಾಲ್ವ್ ಮುಚ್ಚಿದ್ದರೆ ಚೂರು ಪಿಸ್ಟನ್ನಿಗೂ ಲೈನರಿಗೂ ನಡುವಿನ ಸಂದಿಗೆ ಇಳಿಯುತ್ತದೆ, ರಿಂಗಿನ ಮೇಲೆ ಕೂರುತ್ತದೆ. ಮುಂದೆ ಪಿಸ್ಟನ್ ಓಡಾಡಿದಷ್ಟೂ ಲೈನರಿನಲ್ಲಿ ಉದ್ದಕ್ಕೆ ಗೀರು. ಈ ಉಪಾಯಕ್ಕೆ ಜಾಗವೇ ಇಲ್ಲವೆಂದಲ್ಲ. ನೋಝಲ್ ಬಿಚ್ಚುವಾಗ ಅದರ ತಾಮ್ರದ ವಾಷರಿನ ಒಂದು ತುಂಡು ಕೆಳಗೆ ಬಿದ್ದು, ಇಂಜಿನನ್ನು ಒಂದು ಸುತ್ತೂ ತಿರುಗಿಸದೆ ಇದ್ದರೆ ಹೆಡ್ ಎತ್ತದೆ ತೆಗೆಯಲಿಕ್ಕೆ ಪ್ರಯತ್ನಿಸಬಹುದು. ತಾಮ್ರಕ್ಕೆ ಮ್ಯಾಗ್ನೆಟ್ ಹಿಡಿಯುವುದಿಲ್ಲ, ವೆಲ್ಡಿಂಗ್ ರಾಡಿನ ತುದಿಗೆ ದಪ್ಪ ಗ್ರೀಸ್ ಮೆತ್ತಿ ಅಂಟಿಸಿ ಎತ್ತಬೇಕು. ಅಥವಾ ವ್ಯಾಕ್ಯೂಮಿಗೆ ಸಣ್ಣ ಪೈಪ್ ಸಿಕ್ಕಿಸಿ ಎಳೆಯಬೇಕು. ಎಳೆಯುವುದು ಸರಿ, ಊದುವುದು ತಪ್ಪು. ನಿಮ್ಮಲ್ಲಿ ಇಂಜಿನ್ ಓಡಿಯಾಗಿದೆ, ಆ ಹಂತ ಕಳೆದಿದೆ.

ಎರಡನೇ ಮೆಕ್ಯಾನಿಕ್ ಹೇಳಿದ್ದು ಸುರಕ್ಷಿತ, ಆದರೆ ಸದ್ಯಕ್ಕೆ ಆಧಾರ ಇಲ್ಲದ್ದು. ನೋಡುವ ಮೊದಲೇ ಆರೂ ಲೈನರ್ ಹೋಗಿದೆ ಎಂದು ಹೇಳಲಿಕ್ಕೆ ಯಾರಿಗೂ ಸಾಧ್ಯ ಇಲ್ಲ. ಎಷ್ಟು ಬಿಚ್ಚಬೇಕು ಎಂಬುದನ್ನು ಮೆಕ್ಯಾನಿಕ್ ತೀರ್ಮಾನಿಸುವುದಲ್ಲ, ಕಾಣೆಯಾದ ಉಕ್ಕಿನ ಲೆಕ್ಕ ತೀರ್ಮಾನಿಸಬೇಕು. ಪೂರ್ತಿ ಸಿಕ್ಕಿತೋ, ಕೆಲಸ ಅಲ್ಲಿಗೆ ನಿಲ್ಲುತ್ತದೆ. ಸಿಗದಿದ್ದರೆ ಸಿಗುವವರೆಗೆ ಮುಂದಿನದ್ದನ್ನು ಬಿಚ್ಚುತ್ತಾ ಹೋಗಬೇಕು.

ಹೆಡ್ ಎತ್ತುವ ಮೊದಲು ಒಂದು ಸಣ್ಣ ಕೆಲಸ. ಮೊಬೈಲಿಗೆ ಸಿಕ್ಕಿಸುವ 5.5 ಮಿ.ಮೀ. ದಪ್ಪದ ಕ್ಯಾಮೆರಾ ಈಗ ಎಲ್ಲ ಕಡೆ ಸಿಗುತ್ತದೆ. ಆರೂ ನೋಝಲ್ ಬಿಚ್ಚಿ, ತೂತು ಸಾಕಾದರೆ ಒಂದೊಂದರಲ್ಲಿ ಇಳಿಸಿ ನೋಡಿ. ಬರೀ ನಾಲ್ಕನೆಯದು ಸಾಲದು. ಮಸಿ ಹಿಡಿದು ಕಪ್ಪಾದ ಪಿಸ್ಟನ್ ತಲೆಯ ಮೇಲೆ ಬೆಳ್ಳಗೆ ಹೊಳೆಯುವ ಗುರುತು ಕಂಡರೆ ಅಲ್ಲಿ ಲೋಹಕ್ಕೆ ಲೋಹ ತಾಗಿದೆ. ಬೇರೆ ಸಿಲಿಂಡರ್ ಯಾಕೆ ನೋಡಬೇಕೆಂದರೆ, ಬಿದ್ದ ವಸ್ತು ಬಿದ್ದಲ್ಲೇ ಇರುತ್ತದೆ ಎಂಬ ಖಾತ್ರಿ ಇಲ್ಲ. ಎಕ್ಸಾಸ್ಟ್ ಹೊಡೆತ ಮುಗಿಯುವ ಮುಂಚೆಯೇ ಇನ್‌ಲೆಟ್ ವಾಲ್ವ್ ತೆರೆಯಲಿಕ್ಕೆ ಶುರುವಾಗುತ್ತದೆ. ಪಿಸ್ಟನ್ ಆಗ ಮೇಲೆ ಬರುತ್ತಾ ಚೂರನ್ನು ಇನ್‌ಲೆಟ್ ದಾರಿಗೆ ವಾಪಸು ಎಸೆಯಬಹುದು. ವಾಲ್ವಿನ ಅಡಿಯಲ್ಲಿ ಚೂರು ಸಿಕ್ಕಿ ವಾಲ್ವ್ ಪೂರ್ತಿ ಮುಚ್ಚದಿದ್ದರೆ ಕಂಪ್ರೆಶನ್ನಿನ ಒತ್ತಡವೇ ಅದನ್ನು ಹಿಂದಕ್ಕೆ ಊದುತ್ತದೆ. ಮ್ಯಾನಿಫೋಲ್ಡ್ ಎಲ್ಲದಕ್ಕೂ ಒಂದೇ. ನಾಲ್ಕರಿಂದ ಹೊರಬಿದ್ದ ಚೂರನ್ನು ಐದೋ ಮೂರೋ ಎಳೆದುಕೊಳ್ಳುತ್ತದೆ. ಒಂದು ಸಿಲಿಂಡರ್ ರಿಪೇರಿ ಮಾಡಿ ಬಿಟ್ಟು, ಕಡಲಿಗೆ ಹೋದ ಮೇಲೆ ಪಕ್ಕದ್ದು ಬಡಿಯಲಿಕ್ಕೆ ಶುರುವಾಗುವುದು ಹೀಗೆ.

ಇನ್ನು ಹೆಡ್. ನೀರು ಇಳಿಸಿ, ತಣ್ಣಗಿರುವಾಗಲೇ ಬಿಚ್ಚಬೇಕು. ಬೋಲ್ಟ್ ಸಡಿಲಿಸುವುದು ಹೊರಗಿನಿಂದ ನಡುವಿಗೆ, ಒಂದೇ ಸಲಕ್ಕಲ್ಲ, ಸ್ವಲ್ಪಸ್ವಲ್ಪವಾಗಿ. ಪುಶ್ ರಾಡುಗಳನ್ನು ಒಂದು ರಟ್ಟಿಗೆ ತೂತು ಮಾಡಿ ನಂಬರ್ ಬರೆದು ಸಿಕ್ಕಿಸಿಡಿ, ಯಾವುದರ ಜಾಗಕ್ಕೆ ಅದೇ ಹೋಗಬೇಕು. ಕೆಲವು ಇಂಜಿನುಗಳಲ್ಲಿ ಮೂರು ಸಿಲಿಂಡರಿಗೊಂದು ಹೆಡ್ ಇರುತ್ತದೆ, ಕೆಲವಲ್ಲಿ ಒಂದೊಂದಕ್ಕೂ ಬೇರೆ. ಹಾಗಿದ್ದರೆ ನಾಲ್ಕನೆಯದರ ಹೆಡ್ ಮಾತ್ರ ಎತ್ತಿ ಲೆಕ್ಕ ಶುರು ಮಾಡಬಹುದು. ಹೆಡ್ಡನ್ನು ಚೈನ್ ಬ್ಲಾಕಿನಲ್ಲಿ ನೇರ ಮೇಲಕ್ಕೆ ಎತ್ತಿ. ಎತ್ತಿದ ಕೂಡಲೇ ಬಟ್ಟೆಯಿಂದ ಒರೆಸಲಿಕ್ಕೆ ಹೋಗಬೇಡಿ. ಮೊದಲು ಫೋಟೊ ತೆಗೆಯಿರಿ, ಆಮೇಲೆ ಮ್ಯಾಗ್ನೆಟ್ಟಿನಲ್ಲಿ ಒಂದೊಂದೇ ಚೂರನ್ನು ಎತ್ತಿ ಬಿಳಿ ಬಟ್ಟೆಯ ಮೇಲೆ ಇಡಿ. ಪಿಸ್ಟನ್ನಿನ ಅಲ್ಯೂಮಿನಿಯಂ ಮೆತ್ತಗಿರುವುದರಿಂದ ಚೂರು ಅದರೊಳಗೆ ಹುಗಿದು ಕೂತಿರುತ್ತದೆ. ಅದನ್ನು ಚೂಪಾದ ಮೊಳೆಯಲ್ಲಿ ಎಬ್ಬಿಸಬೇಕು.

ಈಗ ಲೆಕ್ಕ. ಅದೇ ಅಳತೆಯ ಹೊಸ ನಟ್ ಮತ್ತು ವಾಷರ್ ತನ್ನಿ. ನಟ್ ಸುಮಾರು 5 ಗ್ರಾಂ, ವಾಷರ್ ಒಂದೂವರೆ ಗ್ರಾಂ ಚಿಲ್ಲರೆ ತೂಗುತ್ತದೆ. ಒಳಗೆ ಸಿಕ್ಕಿದ್ದನ್ನೆಲ್ಲ ಡೀಸೆಲಿನಲ್ಲಿ ತೊಳೆದು, ಒರೆಸಿ, ಚಿನ್ನ ತೂಗುವ ಸಣ್ಣ ತಕ್ಕಡಿಯಲ್ಲಿ ಹಾಕಿ ಎರಡನ್ನೂ ಹೋಲಿಸಿ. ನಗಬೇಡಿ, ಇದಕ್ಕಿಂತ ಗಟ್ಟಿ ಸಾಕ್ಷಿ ಬೇರೆ ಇಲ್ಲ. "ಎಲ್ಲ ತೆಗೆದಾಯ್ತು" ಎಂದು ಮೆಕ್ಯಾನಿಕ್ ಹೇಳುವುದು ಬೇರೆ, ತಕ್ಕಡಿ ಹೇಳುವುದು ಬೇರೆ. ಸ್ವಲ್ಪ ಸವೆತ ಇದ್ದೇ ಇರುತ್ತದೆ, ಕಾಲು ಗ್ರಾಂ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಅರ್ಧ ವಾಷರ್ ಕಾಣೆಯಾದರೆ ಅದು ಎಲ್ಲೋ ಕೂತಿದೆ. ಹುಡುಕುವ ಜಾಗಗಳು ಇವು: ಇನ್‌ಲೆಟ್ ಮ್ಯಾನಿಫೋಲ್ಡಿನ ತಳ, ಹೆಡ್ಡಿನ ಇನ್‌ಲೆಟ್ ದಾರಿಯಲ್ಲಿ ವಾಲ್ವಿನ ಹಿಂದುಗಡೆ, ಎಕ್ಸಾಸ್ಟ್ ಮ್ಯಾನಿಫೋಲ್ಡ್, ಟರ್ಬೊದ ಬಾಯಿ, ಪಿಸ್ಟನ್ನಿನ ಮೇಲಿನ ರಿಂಗಿನ ಸುತ್ತ.

ಟರ್ಬೊದಲ್ಲಿ ನಿಮ್ಮ ಕಂಪ್ರೆಸರ್ ಚಕ್ರಕ್ಕೆ, ಅಂದರೆ ಗಾಳಿ ತಳ್ಳುವ ಬದಿಯದಕ್ಕೆ, ಭಯ ಇಲ್ಲ, ನಟ್ ಅದರಿಂದ ಮುಂದಿನ ದಾರಿಯಲ್ಲಿ ಬಿದ್ದದ್ದು. ನೋಡಬೇಕಾದ್ದು ಎಕ್ಸಾಸ್ಟ್ ಬದಿಯ ಚಕ್ರ. ಟರ್ಬೊ ಬಿಚ್ಚಿ ಬೆಳಕಿಗೆ ಹಿಡಿದು, ಒಂದೊಂದು ಎಸಳಿನ ಅಂಚಿನ ಮೇಲೂ ಬೆರಳು ಎಳೆಯಿರಿ. ಎಲ್ಲಾದರೂ ಕಚ್ಚಿದ ಹಾಗೆ ತಾಗಿದರೆ ಆ ಚಕ್ರವನ್ನು ಫೈಲ್ ಹಾಕಿ ಸರಿ ಮಾಡುವುದು ಬೇಡ. ತೂಕ ಒಂದು ಬದಿಗೆ ತಪ್ಪಿದರೆ ಬೇರಿಂಗ್ ಬೇಗ ಹೋಗುತ್ತದೆ, ಆಮೇಲೆ ಆಯಿಲ್ ಸೋರುತ್ತದೆ. ಬ್ಯಾಲೆನ್ಸ್ ಮಾಡಿದ ಹೊಸ ಕೋರ್ ಹಾಕಿಸಿ. ಐಡಲಿನಲ್ಲೇ ನಿಲ್ಲಿಸಿದ್ದರಿಂದ ನಿಮ್ಮ ಟರ್ಬೊ ಬಚಾವಾಗಿರುವ ಸಾಧ್ಯತೆಯೇ ಹೆಚ್ಚು.

ಹೆಡ್ಡಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಜನ ಹಣ ಕಳೆದುಕೊಳ್ಳುವುದೂ ಇಲ್ಲೇ, ಉಳಿಸಲಿಕ್ಕೆ ಹೋಗಿ ಕೆಡಿಸಿಕೊಳ್ಳುವುದೂ ಇಲ್ಲೇ. ಹೆಡ್ಡಿನ ಅಡಿಯಲ್ಲಿ, ಸಿಲಿಂಡರಿನ ವೃತ್ತದ ಒಳಗೆ ಗುಳಿ ಬಿದ್ದಿರುತ್ತದೆ. ನೋಡಲಿಕ್ಕೆ ಹೆದರಿಕೆಯಾಗುವ ಹಾಗಿದ್ದರೂ ಆ ಗುಳಿಯಿಂದಲೇ ಇಂಜಿನ್ ಕೆಡುವುದಿಲ್ಲ. ಗ್ಯಾಸ್ಕೆಟ್ಟಿನ ಉಕ್ಕಿನ ರಿಂಗ್ ಕೂರುವ ಜಾಗಕ್ಕೆ ಗುಳಿ ಮುಟ್ಟಿದರೆ ಮಾತ್ರ ಹೆಡ್ ಫೇಸಿಂಗ್, ಅಂದರೆ ಅಡಿ ಕೆತ್ತಿ ಮಟ್ಟ ಮಾಡಿಸುವುದು ಬೇಕು. ಸುಮ್ಮನೆ "ಒಂದು ಕಟ್ ಹೊಡೆದು ಬಿಡುವ" ಎಂದು ಲೇತಿಗೆ ಕೊಟ್ಟರೆ ವಾಲ್ವ್ ಮುಖ ಹೆಡ್ಡಿನ ಮಟ್ಟದಿಂದ ಎಷ್ಟು ಒಳಗಿರಬೇಕೋ ಆ ಅಳತೆ ಕಡಿಮೆಯಾಗುತ್ತದೆ, ನೋಝಲ್ ತುದಿ ಹೆಚ್ಚು ಹೊರಗೆ ಬರುತ್ತದೆ. ಆಮೇಲೆ ಹೊಗೆ ಕಪ್ಪು, ಡೀಸೆಲ್ ಖರ್ಚು ಜಾಸ್ತಿ, ಕಾರಣ ಯಾರಿಗೂ ಗೊತ್ತಾಗುವುದಿಲ್ಲ. ಗುಳಿಗಿಂತ ಬಿರುಕು ದೊಡ್ಡ ವಿಷಯ. ಎರಡು ವಾಲ್ವ್ ಸೀಟುಗಳ ನಡುವಿನ ಸಪೂರ ಸೇತುವೆ, ಸೀಟಿಗೂ ನೋಝಲ್ ತೂತಿಗೂ ನಡುವಿನ ಜಾಗ, ಇವೆರಡು ಕಡೆ ಕಣ್ಣಿಗೆ ಕಾಣದ ಗೆರೆ ಹುಟ್ಟಿರಬಹುದು. ಕೆಂಪು ಬಣ್ಣದ ಪೆನೆಟ್ರೆಂಟ್ ಸ್ಪ್ರೇ ಹಚ್ಚಿ, ಹೀರಲು ಬಿಟ್ಟು, ಒರೆಸಿ, ಮೇಲೆ ಬಿಳಿ ಡೆವಲಪರ್ ಹೊಡೆದರೆ ಬಿರುಕು ಇದ್ದಲ್ಲಿ ಕೆಂಪು ಗೆರೆ ಎದ್ದು ಕಾಣುತ್ತದೆ. ಜತೆಗೆ ನೀರಿನ ದಾರಿ ಮುಚ್ಚಿ ಪ್ರೆಶರ್ ಟೆಸ್ಟ್ ಮಾಡಿಸಿ. ಮಂಗಳೂರಿನ ಬೈಕಂಪಾಡಿ ಕಡೆಯಾಗಲಿ ಉಡುಪಿಯಲ್ಲಾಗಲಿ, ಹೆಡ್ ಕೆಲಸ ಮಾಡುವವರಲ್ಲಿ ಈ ಎರಡೂ ಉಂಟಾ ಎಂದು ಕೇಳಿಯೇ ಕೊಡಿ.

ವಾಲ್ವುಗಳಲ್ಲಿ ನಾಲ್ಕನೆಯ ಸಿಲಿಂಡರಿನವನ್ನು ಬಿಚ್ಚಿ ಕಾಂಡವನ್ನು ಲೇತಿನಲ್ಲಿ ತಿರುಗಿಸಿದರೆ ಬಾಗಿದೆಯೋ ಇಲ್ಲವೋ ಗೊತ್ತಾಗುತ್ತದೆ. ಬಾಗಿದ ವಾಲ್ವನ್ನು ನೆಟ್ಟಗೆ ಮಾಡಿ ಹಾಕುವವರಿದ್ದಾರೆ. ಅದು ಎಂದಾದರೂ ಕತ್ತು ಮುರಿದು ಸಿಲಿಂಡರಿಗೆ ಬೀಳುತ್ತದೆ. ಆಗ ಈಗ ಬಿದ್ದ ನಟ್ ಏನೂ ಅಲ್ಲ ಅನ್ನಿಸುತ್ತದೆ. ಹೊಸತೇ ಹಾಕಿ, ಗೈಡ್ ಒಡೆದಿದೆಯಾ ನೋಡಿ, ಸೀಟಿಗೆ ಗ್ರೈಂಡಿಂಗ್ ಪೇಸ್ಟ್ ಹಾಕಿ ಉಜ್ಜಿ. ಆಮೇಲೆ ಹೆಡ್ಡಿನ ದಾರಿಗಳಿಗೆ ಸೀಮೆಎಣ್ಣೆ ಹೊಯ್ದು ಸ್ವಲ್ಪ ಹೊತ್ತು ಬಿಡಿ, ವಾಲ್ವ್ ಬದಿಯಿಂದ ಒಸರಬಾರದು.

ನೋಝಲ್ ಮರೆಯಬೇಡಿ. ಅದರ ತುದಿ ಚೇಂಬರಿನೊಳಗೆ ಚಾಚಿಕೊಂಡಿರುವುದರಿಂದ ಪೆಟ್ಟು ತಿಂದಿರುವ ಸಾಧ್ಯತೆ ಹೆಚ್ಚು. ಸಣ್ಣ ತೂತುಗಳಲ್ಲಿ ಒಂದು ಮುಚ್ಚಿದರೂ, ಸೂಜಿ ಸರಿಯಾಗಿ ಕೂರದೆ ಡೀಸೆಲ್ ತೊಟ್ಟಿಕ್ಕಿದರೂ, ಹೊಸ ಪಿಸ್ಟನ್ನಿನ ತಲೆ ಸುಡುತ್ತದೆ. ಆರನ್ನೂ ಪಂಪ್ ಸರ್ವಿಸಿಗೆ ಕೊಟ್ಟು ಟೆಸ್ಟರಿನಲ್ಲಿ ಪ್ರೆಶರ್, ಸ್ಪ್ರೇ ನೋಡಿಸಿ. ನಾಲ್ಕನೆಯದನ್ನು ಬದಲಾಯಿಸಿಯೇ ಬಿಡಿ ಎಂದು ನನ್ನ ಸಲಹೆ.

ಪಿಸ್ಟನ್ ಉಳಿಯುತ್ತದೋ ಇಲ್ಲವೋ ಎಂಬುದು ಗುಳಿಯ ಆಳಕ್ಕಿಂತ ಗುಳಿ ಇರುವ ಜಾಗದ ಮೇಲೆ ಹೋಗುತ್ತದೆ. ನಡುವಿನಲ್ಲಿ ಸಣ್ಣ ತಗ್ಗುಗಳಿದ್ದರೆ ಅವುಗಳ ಎದ್ದ ಅಂಚನ್ನು ಸ್ಕ್ರೇಪರಿನಲ್ಲಿ ಕೆರೆದು ನಯ ಮಾಡಿ ಹಾಕಬಹುದು. ಚೂಪು ಅಂಚು ಹಾಗೇ ಬಿಟ್ಟರೆ ಅಲ್ಲಿ ಶಾಖ ಕೂತು ಬಿರುಕು ಹುಟ್ಟುತ್ತದೆ. ಬಟ್ಟಲಿನ ತುಟಿ ಒಡೆದಿದ್ದರೆ ಪಿಸ್ಟನ್ ಬೇಡ. ಹೊರ ಅಂಚಿನಲ್ಲಿ ಪೆಟ್ಟು ಬಿದ್ದು ಮೇಲಿನ ರಿಂಗ್ ಕೂರುವ ತೋಡು ಅದುಮಿದ್ದರೂ ಬೇಡ. ಪರೀಕ್ಷೆ ಸುಲಭ: ಹೊಸ ರಿಂಗನ್ನು ಆ ತೋಡಿನಲ್ಲಿ ಇಟ್ಟು ಪಿಸ್ಟನ್ನಿನ ಸುತ್ತ ಉರುಳಿಸುತ್ತಾ ಬನ್ನಿ, ಎಲ್ಲಿ ಬಿಗಿಯಾಗಿ ನಿಲ್ಲುತ್ತದೋ ಅಲ್ಲಿ ಅದುಮಿದೆ. ಒಂದೇ ಪಿಸ್ಟನ್ ಬದಲಾಯಿಸುವುದಾದರೆ ಅದೇ ಕಂಪನಿಯದ್ದು, ಅದೇ ಪಾರ್ಟ್ ನಂಬರ್, ಹಳೆಯದರ ತೂಕಕ್ಕೆ ಹೊಂದುವಂಥದ್ದು ತನ್ನಿ. ತಕ್ಕಡಿ ಹೇಗೂ ತಂದಿರುತ್ತೀರಿ, ಸ್ವಲ್ಪ ದೊಡ್ಡದು ತಂದರಾಯಿತು.

ಲೈನರಿಗೆ ಉಗುರೇ ಮೊದಲ ಅಳತೆಗೋಲು. ಉದ್ದಕ್ಕೆ ಇರುವ ಗೀರಿನ ಮೇಲೆ ಅಡ್ಡಕ್ಕೆ ಉಗುರು ಎಳೆಯಿರಿ. ಕಣ್ಣಿಗೆ ಕಂಡರೂ ಉಗುರಿಗೆ ಸಿಕ್ಕದಿದ್ದರೆ ಆ ಲೈನರ್ ಓಡುತ್ತದೆ. ಉಗುರು ಸಿಕ್ಕಿಕೊಂಡರೆ ಬದಲಾಯಿಸಿ, ಅದೊಂದನ್ನೇ. ಆರೂ ಯಾಕೆ? ಬೋರಿಂಗ್ ಮಾಡಿಸುವ ಮಾತು ಲೈನರ್ ಇಲ್ಲದ ಬ್ಲಾಕಿಗೆ. ಲೈನರ್ ಇರುವ ಇಂಜಿನಿನ ಅನುಕೂಲವೇ ಕೆಟ್ಟದ್ದನ್ನು ಮಾತ್ರ ತೆಗೆದು ಹಾಕಬಹುದು ಎಂಬುದು. ಹಾಗೆಂದು ಇಂಜಿನ್ ಓಡಿದ ಗಂಟೆ ಹೆಚ್ಚಾಗಿ, ಉಳಿದ ಐದರಲ್ಲೂ ಸವೆತ ಮಿತಿ ಮೀರಿದೆ ಎಂದು ಬೋರ್ ಗೇಜ್ ಹೇಳಿದರೆ ಎರಡನೇ ಮೆಕ್ಯಾನಿಕ್ ಹೇಳಿದ್ದೇ ಸರಿ. ಆದರೆ ಅದಕ್ಕೆ ಕಾರಣ ಸವೆತ, ನಟ್ ಅಲ್ಲ. ಬಿಲ್ ಬರುವಾಗ ಈ ವ್ಯತ್ಯಾಸ ನೆನಪಿರಲಿ.

ವೆಟ್ ಲೈನರ್, ಅಂದರೆ ಲೈನರಿನ ಹೊರಮೈಗೆ ನೀರು ನೇರ ತಾಗುವ ಇಂಜಿನ್ ಆದರೆ ಎರಡು ಎಚ್ಚರಿಕೆ. ಹೆಡ್ ಇಲ್ಲದಾಗ ಪಿಸ್ಟನ್ನುಗಳನ್ನು ಆಡಿಸುವ ಕೆಳಗಿನ ಕ್ರಾಂಕ್ ತಿರುಗಿಸಿದರೆ ಪಿಸ್ಟನ್ ಜತೆ ಲೈನರೂ ಮೇಲೆದ್ದು ಕೆಳಗಿನ ರಬ್ಬರ್ ಓ ರಿಂಗ್ ಹಾಳಾಗುತ್ತದೆ. ಹಾಗಾಗಿ ಹೆಡ್ ಬೋಲ್ಟಿನ ತೂತಿಗೆ ಬೋಲ್ಟ್ ಮತ್ತು ದಪ್ಪ ವಾಷರ್ ಹಾಕಿ ಲೈನರುಗಳ ಅಂಚನ್ನು ಒತ್ತಿ ಹಿಡಿಸಿಯೇ ತಿರುಗಿಸಬೇಕು. ಹೊಸ ಲೈನರ್ ಕೂರಿಸಿದ ಮೇಲೆ ಅದು ಬ್ಲಾಕಿನ ಮಟ್ಟದಿಂದ ಎಷ್ಟು ಮೇಲಿದೆ ಎಂದು ಡಯಲ್ ಗೇಜಿನಲ್ಲಿ ಅಳೆದು ಕಂಪನಿ ಹೇಳಿದ ಅಳತೆಗೂ ಅಕ್ಕಪಕ್ಕದವಕ್ಕೂ ಹೋಲಿಸಿ. ತಗ್ಗಿದ್ದರೆ ಗ್ಯಾಸ್ಕೆಟ್ ಅಲ್ಲೇ ಹಾರುತ್ತದೆ. ಆಮೇಲೆ ನೀರು ತುಂಬಿಸಿ ಒಂದು ರಾತ್ರಿ ಬಿಟ್ಟು, ಕೆಳಗಿನಿಂದ ಟಾರ್ಚ್ ಹಾಕಿ ನೋಡಿ. ಆಯಿಲ್ ಚೇಂಬರಿಗೆ ಒಂದು ಹನಿಯೂ ಇಳಿಯಬಾರದು.

ಒಂದು ವಿಷಯದಲ್ಲಿ ನಾನು ಹಟಮಾರಿ. ಕ್ರಾಂಕ್ ಒಳಗಿರುವಾಗಲೇ ಲೈನರಿಗೆ ಎಮರಿ ಪೇಪರ್ ಹಾಕಿ ಉಜ್ಜುವುದು, ಹೋನಿಂಗ್ ಕಲ್ಲು ಡ್ರಿಲ್ಲಿಗೆ ಹಾಕಿ ತಿರುಗಿಸುವುದು ದಕ್ಕೆಯಲ್ಲಿ ಮಾಮೂಲಾಗಿ ಹೋಗಿದೆ. ಆ ಪುಡಿ ಬೇರಿಂಗಿನ ಮೇಲೆ ಬಿದ್ದರೆ ನಟ್ ಮಾಡದ ಹಾನಿಯನ್ನು ಅದು ಮಾಡುತ್ತದೆ. ಮಾಡಲೇಬೇಕಿದ್ದರೆ ಲೈನರ್ ಹೊರಗೆ ತೆಗೆದು ಮಾಡಿ, ಸೋಪು ನೀರಿನಲ್ಲಿ ತೊಳೆದು, ಬಿಳಿ ಬಟ್ಟೆಗೆ ಕಪ್ಪು ಹತ್ತದ ಹಾಗೆ ಒರೆಸಿ, ಕೂಡಲೇ ಆಯಿಲ್ ಹಚ್ಚಿ.

ಪಿಸ್ಟನ್ನನ್ನು ಕ್ರಾಂಕಿಗೆ ಸೇರಿಸುವ ಕನೆಕ್ಟಿಂಗ್ ರಾಡ್ ಬಾಗಿದೆಯಾ ಎಂದು ಅದನ್ನು ಹೊರಗೆ ತೆಗೆಯದೆ ತಿಳಿಯಲಿಕ್ಕೆ ಒಂದು ದಾರಿ ಉಂಟು. ಆರು ಸಿಲಿಂಡರಿನಲ್ಲಿ ಮೂರು ಮತ್ತು ನಾಲ್ಕನೇ ಪಿಸ್ಟನ್ ಒಟ್ಟಿಗೇ ಮೇಲೆ ಬರುತ್ತವೆ. ಚೂರುಗಳೆಲ್ಲ ತೆಗೆದಾದ ಮೇಲೆ, ಲೈನರ್ ಒತ್ತಿ ಹಿಡಿಸಿ, ನಿಧಾನಕ್ಕೆ ತಿರುಗಿಸಿ ಎರಡನ್ನೂ ಪೂರ್ತಿ ಮೇಲೆ ತನ್ನಿ. ಬ್ಲಾಕಿನ ಮಟ್ಟಕ್ಕೆ ಎರಡರ ಎತ್ತರವನ್ನೂ ಡಯಲ್ ಗೇಜಿನಲ್ಲಿ ಅಳೆಯಿರಿ. ನಾಲ್ಕನೆಯದು ಸ್ಪಷ್ಟವಾಗಿ ತಗ್ಗಿದ್ದರೆ ರಾಡ್ ಮೇಲೆ ಅನುಮಾನ ಪಡಬೇಕು. ಜಾಮ್ ಆಗದೆ ಓಡಿದ ಇಂಜಿನಿನಲ್ಲಿ ರಾಡ್ ಬಾಗುವುದು ಅಪರೂಪ, ಆದರೂ ಪಿಸ್ಟನ್ ಎಳೆಯುವುದಾದರೆ ರಾಡಿನ ಕೆಳತುದಿಯ ಆ ಒಂದು ಬಿಗ್ ಎಂಡ್ ಬೇರಿಂಗ್ ನೋಡಿಬಿಡಿ. ಹೀಗೆ ತಿರುಗಿಸುವ ಮೊದಲು ಪಿಸ್ಟನ್ನಿಗೂ ಲೈನರಿಗೂ ನಡುವಿನ ಸಂದಿಯಲ್ಲಿ ಸುತ್ತಲೂ ಗ್ರೀಸ್ ತುಂಬಿ. ಪಿಸ್ಟನ್ ಸ್ವಲ್ಪ ಇಳಿಸಿದರೆ ಲೈನರಿನ ಗೋಡೆಯಲ್ಲಿ ಗ್ರೀಸಿನ ಬಳೆ ಉಳಿಯುತ್ತದೆ, ಕಣ್ಣಿಗೆ ಕಾಣದ ಚೂರೆಲ್ಲ ಅದರಲ್ಲಿ ಸಿಕ್ಕಿರುತ್ತದೆ. ಅದನ್ನು ಒರೆಸಿ ತೆಗೆಯಿರಿ. ಎರಡು ಮೂರು ಸಲ ಮಾಡಿದರೆ ಒಳ್ಳೆಯದು.

ಆಯಿಲ್ ಇಳಿಸುವುದು, ಫಿಲ್ಟರನ್ನು ಕತ್ತರಿಸಿ ಬಿಡಿಸಿ ಮಡಿಕೆಗಳಲ್ಲಿ ಲೋಹದ ಪುಡಿ ಉಂಟಾ ನೋಡುವುದು ಹೇಳಬೇಕಾಗಿಲ್ಲ ಅಂದುಕೊಂಡಿದ್ದೇನೆ.

ಮಳೆಗಾಲದಲ್ಲಿ ಕರಾವಳಿಯಲ್ಲಿ ಇಂಜಿನ್ ಬಿಚ್ಚಿಡುವವರು ಘಟ್ಟದ ಮೇಲಿನ ಮೆಕ್ಯಾನಿಕ್ಕಿನ ಹಾಗೆ ಆರಾಮ ಇರುವಂತಿಲ್ಲ. ಉಪ್ಪು ಗಾಳಿ, ಜುಲೈ ತಿಂಗಳ ತೇವ, ಎರಡೂ ಸೇರಿ ಒರೆಸಿಟ್ಟ ಲೈನರಿಗೆ ಒಂದೇ ರಾತ್ರಿಯಲ್ಲಿ ಕಂದು ಬಣ್ಣ ತರುತ್ತವೆ. ಒರೆಸಿದ ಕೂಡಲೇ ಆಯಿಲ್ ಹಚ್ಚಿ, ಮೇಲೆ ಪ್ಲಾಸ್ಟಿಕ್ ಹಾಕಿ ಬಿಗಿಯಾಗಿ ಕಟ್ಟಿ. ಲೇತಿನಿಂದ ಹೆಡ್ ಬರುವವರೆಗೆ ದಿನಕ್ಕೊಮ್ಮೆ ತೆರೆದು ನೋಡಿ. ಮ್ಯಾನಿಫೋಲ್ಡಿನ ಬಾಯಿಗಳಿಗೆ ಬನಿಯನ್ ವೇಸ್ಟ್ ತುರುಕಬೇಡಿ. ಜೋಡಿಸುವಾಗ ಒಂದು ಬಾಯಿಯ ಬಟ್ಟೆ ಒಳಗೇ ಉಳಿದು, ಇನ್‌ಲೆಟ್ ವಾಲ್ವಿಗೆ ಸುತ್ತಿಕೊಂಡ ಪ್ರಕರಣಗಳು ನಟ್ ಬಿದ್ದವಕ್ಕಿಂತ ಕಡಿಮೆ ಏನಲ್ಲ. ಅಗಲವಾದ ಟೇಪ್ ಅಂಟಿಸಿ, ಹೊರಗಿನಿಂದ ಎದ್ದು ಕಾಣುವ ಬಣ್ಣದ್ದು. ನಿಮ್ಮ ನಟ್ ಬಿದ್ದದ್ದೂ ತೆರೆದ ಬಾಯಿಗೇ. ಮ್ಯಾನಿಫೋಲ್ಡಿನ ಸ್ಟಡ್ಡಿಗೆ ಹೊರಗಿನಿಂದ ಬಿಗಿಯುವ ನಟ್, ಕೂರಿಸಿದ ಮೇಲೆ ಒಳಗೆ ಹೋಗಲಿಕ್ಕೆ ದಾರಿ ಇಲ್ಲ.

ಜೋಡಣೆಯಲ್ಲಿ ಹೊಸ ಗ್ಯಾಸ್ಕೆಟ್, ಕಂಪನಿ ಪುಸ್ತಕದ ಟಾರ್ಕ್, ನಡುವಿನಿಂದ ಹೊರಗೆ, ಮೂರು ಹಂತದಲ್ಲಿ ಬಿಗಿತ. ಡಿಗ್ರಿ ಲೆಕ್ಕದಲ್ಲಿ ತಿರುಗಿಸುವ ಬೋಲ್ಟುಗಳಾದರೆ ಪುಸ್ತಕ ಹೇಳಿದ ಕಡೆ ಹೊಸ ಬೋಲ್ಟೇ. ಟ್ಯಾಪೆಟ್ (ವಾಲ್ವಿನ ಸಂದಿ) ಅಳತೆಗೆ ಇಟ್ಟ ಮೇಲೆ ನೋಝಲ್ ಹಾಕುವ ಮೊದಲು ಕೈಯಲ್ಲಿ ಎರಡು ಪೂರ್ತಿ ಸುತ್ತು ತಿರುಗಿಸಿ. ಕಂಪ್ರೆಶನ್ ಇಲ್ಲದ್ದರಿಂದ ಹಗುರವಾಗಿ ತಿರುಗಬೇಕು. ಎಲ್ಲಾದರೂ ಗಟ್ಟಿಯಾಗಿ ತಡೆದರೆ ಒತ್ತಾಯಿಸದೆ ನಿಲ್ಲಿಸಿ, ಕಾರಣ ಹುಡುಕಿ. ನಂತರ ಆರರಲ್ಲೂ ಕಂಪ್ರೆಶನ್ ಗೇಜ್ ಹಾಕಿ ನೋಡಿ. ಇಂಥ ಇಂಜಿನುಗಳಲ್ಲಿ 350ರಿಂದ 450 ಪಿ.ಎಸ್.ಐ. ನಡುವೆ ಇರುವುದು ವಾಡಿಕೆ. ಅಂಕಿಗಿಂತ ಮುಖ್ಯ ಆರರ ನಡುವಿನ ಅಂತರ, ಒಂದು ಮಾತ್ರ ಎದ್ದು ಕಾಣುವಷ್ಟು ತಗ್ಗಿರಬಾರದು. ಡೀಸೆಲ್ ಬಿಡದೆ ಸ್ಟಾರ್ಟರಿನಲ್ಲಿ ತಿರುಗಿಸಿ ಆಯಿಲ್ ಪ್ರೆಶರ್ ಬಂದ ಮೇಲೆಯೇ ಸ್ಟಾರ್ಟ್. ಮೊದಲ ಸ್ಟಾರ್ಟಿಗೆ ಒಬ್ಬರು ಏರ್ ಕ್ಲೀನರ್ ಬಿಚ್ಚಿದ ಬಾಯಿಯ ಹತ್ತಿರ ದಪ್ಪ ಹಲಗೆ ಹಿಡಿದು ನಿಲ್ಲಲಿ. ಇಂಜಿನ್ ಕೈಮೀರಿ ಓಡಿದರೆ ಗಾಳಿ ಮುಚ್ಚಿಯೇ ನಿಲ್ಲಿಸಬೇಕು. ಕೈ ಅಥವಾ ಬಟ್ಟೆ ಅಡ್ಡ ಹಿಡಿಯಬಾರದು.

ಹೊಸ ರಿಂಗ್ ಹಾಕಿದ ಇಂಜಿನನ್ನು ದಿನಗಟ್ಟಲೆ ಐಡಲಿನಲ್ಲಿ ಬಿಟ್ಟರೆ ರಿಂಗ್ ಕೂರುವುದಿಲ್ಲ, ಲೈನರ್ ಕನ್ನಡಿಯಾಗಿ ಆಯಿಲ್ ಸುಡಲಿಕ್ಕೆ ಶುರುವಾಗುತ್ತದೆ. ಬಿಸಿಯಾದ ಮೇಲೆ ದಕ್ಕೆಗೆ ಗಟ್ಟಿಯಾಗಿ ಕಟ್ಟಿ, ಗೇರ್ ಹಾಕಿ ಮಿತವಾದ ಲೋಡಿನಲ್ಲಿ ಓಡಿಸಿ, ಅಕ್ಕಪಕ್ಕದ ಬೋಟಿನವರಿಗೆ ಹೇಳಿಯೇ. ಮೊದಲ ಟ್ರಿಪ್ಪಿನಲ್ಲಿ ಬಲೆ ಎಳೆಯುವಾಗ ಆಕ್ಸಿಲರೇಟರ್ ಪೂರ್ತಿ ಕೊಡಬೇಡಿ ಎಂದು ಬೋಟ್ ನಡೆಸುವ ತಾಂಡೇಲರಿಗೆ ಹೇಳಿ. ಮಧ್ಯೆ ಮತ್ತೆ ಬಡಿತ ಕೇಳಿದರೆ ಐಡಲಿಗೆ ಇಳಿಸಿ, ಅನುಮಾನ ಇರುವ ಸಿಲಿಂಡರಿನ ನೋಝಲ್ ಪೈಪಿನ ನಟ್ಟನ್ನು ಕೈಗೆ ಬಟ್ಟೆ ಸುತ್ತಿಕೊಂಡು ಮುಖ ದೂರ ಇಟ್ಟು ಸಡಿಲಿಸಲಿ. ಹೈ ಪ್ರೆಶರಿನ ಕಾಮನ್ ರೈಲ್ ಇಂಜಿನ್ ಆದರೆ ಮಾತ್ರ ಇದನ್ನು ಮಾಡಲೇಬಾರದು, ಆ ಒತ್ತಡದ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ. ಸಾಮಾನ್ಯ ಪಂಪಿನ ಇಂಜಿನಿನಲ್ಲಿ ಡೀಸೆಲ್ ತಪ್ಪಿಸಿದ ಕೂಡಲೇ ಶಬ್ದ ಕಡಿಮೆಯಾದರೆ ತೊಂದರೆ ನೋಝಲಿನದ್ದೋ ಬೇರಿಂಗಿನದ್ದೋ. ಡೀಸೆಲ್ ಇಲ್ಲದೆಯೂ ಅದೇ ಬಡಿತ ಇದ್ದರೆ ಒಳಗೆ ಏನೋ ತಾಗುತ್ತಿದೆ, ತಕ್ಷಣ ಬಂದ್ ಮಾಡಿ ಬೇರೆ ಬೋಟಿನ ಹಗ್ಗ ಕೇಳುವುದೇ ದಾರಿ.

ಇನ್ನು ನಿಮ್ಮ ಕೊನೆಯ ಎರಡು ಪ್ರಶ್ನೆ. ಹೆಡ್, ಪಿಸ್ಟನ್, ಲೈನರ್ ಇವಿಷ್ಟನ್ನೂ ಇಂಜಿನ್ ಬೋಟಿನಲ್ಲೇ ಇಟ್ಟು ಮಾಡಬಹುದು, ಕೆಳಗಿನಿಂದ ಬಿಗ್ ಎಂಡಿಗೆ ಕೈ ಹೋಗುವ ಹಾಗಿದ್ದರೆ. ಕೆಲವು ಬೋಟುಗಳಲ್ಲಿ ಆಯಿಲ್ ಚೇಂಬರ್ ಬಿಚ್ಚಲಿಕ್ಕೆ ಫೌಂಡೇಶನ್ ಅಡ್ಡ ಬರುತ್ತದೆ. ಆಗ ಇಂಜಿನನ್ನು ಅಲ್ಲೇ ಒಂದಡಿ ಎತ್ತಿ ಮರದ ದಿಮ್ಮಿ ಕೊಟ್ಟರೆ ಸಾಕು, ದಡಕ್ಕೆ ತರಬೇಕಾಗಿಲ್ಲ. ಕ್ರಾಂಕಿನ ಬೇರಿಂಗಿನಲ್ಲಿ ಗೀರು ಕಂಡರೆ ಮಾತ್ರ ಇಂಜಿನ್ ಹೊರಗೆ ಬರಬೇಕು. ಆಗಸ್ಟ್ 1ರ ವಿಷಯ ನಿಮ್ಮ ಮೆಕ್ಯಾನಿಕ್ಕಿನ ಕೈಯಲ್ಲಿಲ್ಲ, ಲೇತಿನವರ ಕೈಯಲ್ಲಿ ಉಂಟು. ಜೂನ್ 1ರಿಂದ ಜುಲೈ 31ರವರೆಗಿನ ರಜೆಯ ಕೊನೆಯ ವಾರಗಳಲ್ಲಿ ಕರಾವಳಿಯ ಬೋಟುಗಳ ಕೆಲಸವೆಲ್ಲ ಒಟ್ಟಿಗೇ ಅಲ್ಲಿಗೆ ಬಂದು ಬೀಳುತ್ತದೆ. ಹಾಗಾಗಿ ನಾಳೆಯೇ ಹೆಡ್ ಎತ್ತಿ ಕಳಿಸಿ, ಅದೇ ಗಾಡಿಯಲ್ಲಿ ಆರು ನೋಝಲುಗಳೂ ಹೋಗಲಿ. ಒಂದು ಪಿಸ್ಟನ್, ಒಂದು ಲೈನರ್, ಒಂದು ಸೆಟ್ ರಿಂಗ್, ಗ್ಯಾಸ್ಕೆಟ್ ಸೆಟ್ ಇಷ್ಟನ್ನು ಇಂಜಿನ್ ನಂಬರ್ ಕೊಟ್ಟು ಅಂಗಡಿಯಲ್ಲಿ ಈಗಲೇ ತೆಗೆದಿಡಿಸಿ, ಬೇಡವಾದರೆ ವಾಪಸು ತೆಗೆದುಕೊಳ್ಳಬೇಕು ಎಂದು ಮೊದಲೇ ಮಾತಾಡಿಕೊಂಡು.